ಏಳನೇ ನಂಬರಿನ ಸಮುದ್ರ

ಬರಿಗೈಯಲ್ಲಿ ಲಾಡ್ಜಿನ ಮೆಟ್ಟಿಲು ಹತ್ತುವವರು ಎರಡೇ ಬಗೆ: ಒಬ್ಬ ಕರೆಂಟು ಬಿಲ್ಲಿನವನು, ಇನ್ನೊಬ್ಬ ದಾರಿ ಕೇಳುವವನು. ಇಬ್ಬರಿಂದಲೂ ಕಾಸು ಹುಟ್ಟುವುದಿಲ್ಲ. ಲಾಡ್ಜಿನ ಯಜಮಾನರಿಗೆ ಈ ಲೆಕ್ಕ ಬಾಯಿಪಾಠ. ಆದ್ದರಿಂದ ಕನ್ನಡಕದವರು ಕೌಂಟರಿನ ಮುಂದೆ ಬಂದು ನಿಂತಾಗ ಯಜಮಾನರು ಮೊದಲು ಮುಖ ನೋಡಲಿಲ್ಲ. ಕೈ ನೋಡಿದರು, ಆಮೇಲೆ ಕಾಲು ನೋಡಿದರು. ಚಪ್ಪಲಿ ಹೊಸದು. ಷರಟಿನ ಇಸ್ತ್ರಿ ಕೆಟ್ಟಿಲ್ಲ, ಅಂದರೆ ಬಂದದ್ದು ಬಸ್ಸಿನಲ್ಲಲ್ಲ, ಕಾರಿನಲ್ಲಿ. ಹೋದ ವರ್ಷಕ್ಕಿಂತ ಕೂದಲು ಕಡಿಮೆಯಾಗಿದೆ, ಹೊಟ್ಟೆ ಮುಂದೆ ಬಂದಿದೆ. ವ್ಯಾಪಾರ ಚೆನ್ನಾಗಿ ನಡೆಯುತ್ತಿರುವ ಲಕ್ಷಣ. ಒಟ್ಟಾರೆ ಮಾಲು ಒಳ್ಳೆಯದೇ. ಆದರೆ ಪೆಟ್ಟಿಗೆ ಎಲ್ಲಿ?

ದೂರದ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಈ ಗಿರಾಕಿ, ಮದುವೆಯಾದ ವರ್ಷದಿಂದ ಒಂದು ರಜೆಯನ್ನೂ ತಪ್ಪಿಸದೆ ಇದೇ ಲಾಡ್ಜಿಗೆ, ಇದೇ ಏಳನೇ ನಂಬರಿನ ಕೋಣೆಗೆ ಬಂದವರು. ಈ ಸೀಸನ್ನಿನಲ್ಲಿ ಬೇರೆ ಯಾರೂ ತಲೆ ಹಾಕಿರಲಿಲ್ಲ. ಕೀಲಿಗಳೆಲ್ಲ ಹಲಗೆಯ ಮೇಲೆ ಬಾವಲಿಗಳ ಹಾಗೆ ನೇತಾಡುತ್ತಿದ್ದವು. ಕನ್ನಡಕದವರೂ ಕೈಕೊಟ್ಟರೆ ಬೋರ್ಡು ಇಳಿಸುವುದೇ ಸರಿ ಎಂದು ಯಜಮಾನರು ತಮ್ಮೊಳಗೇ ತೀರ್ಮಾನ ಮಾಡಿಕೊಂಡು ಬಹಳ ದಿನವಾಗಿತ್ತು. ಇದನ್ನು ಹೆಂಡತಿಗೆ ಹೇಳಿರಲಿಲ್ಲ. ಅವರ ಮುಖ ನೋಡಿಯೇ ಆಕೆಗೆ ಗೊತ್ತಾಗಿತ್ತು ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ಮಾತು ಆಗಲೇ ಎರಡು ಸುತ್ತು ಮುಗಿದಿತ್ತು.

ಯಜಮಾನರು: ಅದೆಲ್ಲ ಇರ್ಲಿ. ಏಳನೇ ನಂಬರು ತಾನೇ? ಮನೆಗೆ ಸುಣ್ಣ ಹೊಡೆಸ್ಬೇಕು ಅಂತ ನಮ್ಮವಳು ಬೆಳಿಗ್ಗೆ ನಮ್ಮ ಹಾಸಿಗೇನ ಅಲ್ಲಿಗೆ ಸಾಗಿಸಿದಾಳೆ. ಈಗಲೇ ಎತ್ತಿಸ್ತೀನಿ.

ಕನ್ನಡಕದವರು: ಎತ್ತಿಸ್ಬೇಡಿ ಸ್ವಾಮಿ. ಕೋಣೆ ಬೇಡ ಅಂತ ಮೂರನೇ ಸಲ ಹೇಳ್ತಿದೀನಿ. ನಾನು ದಾರಿ ಕೇಳೋಕೆ ಬಂದೆ.

ಯಜಮಾನರು: ಎಲ್ಲಿಗೆ ದಾರಿ?

ಕನ್ನಡಕದವರು: ಸೊಸೆ ಫೋನಿನಲ್ಲೇ ಯಾವುದೋ ಮನೆ ಗೊತ್ತು ಮಾಡಿದಾಳೆ. ಲಾಡ್ಜಲ್ಲ, ಮನೆ. ಜನ ಇರೋ ಮನೆ. ಈ ಊರಲ್ಲೇ. ಆದರೆ ಈ ಫೋನು ಬೀದಿ ಬೀದಿ ಸುತ್ತಿಸಿ ಮತ್ತೆ ಮತ್ತೆ ನಿಮ್ಮ ಬಾಗಿಲಿಗೇ ತಂದು ನಿಲ್ಲಿಸ್ತಿದೆ.

ಯಜಮಾನರು: ಅದಕ್ಕಿರೋ ನಿಯತ್ತು ನಿಮಗಿಲ್ಲ.

ಕನ್ನಡಕದವರು ಕಿಟಕಿಯಾಚೆ ನಿಂತಿದ್ದ ಕಾರಿನತ್ತ ನೋಡಿದರು. ಒಳಗೆ ಅವರ ಹೆಂಡತಿ, ಮಗ, ಸೊಸೆ ಬೆವರುತ್ತ ಕೂತಿದ್ದರು. ಯಜಮಾನರೂ ನೋಡಿದರು, ಬೇರೆಯವನ ಪಾಲಾಗಲಿರುವ ಸರಕನ್ನು ನೋಡುವ ಹಾಗೆ.

ಯಜಮಾನರು: ಏಳನೇ ನಂಬರಿಗೆ ಏನಾಗಿದೆ, ಅದನ್ನ ಹೇಳಿ ಹೋಗಿ.

ಕನ್ನಡಕದವರು: ಆ ಫ್ಯಾನು.

ಯಜಮಾನರು: ಅದು ಫ್ಯಾನಲ್ಲ, ಸಮುದ್ರದ ಸದ್ದು ಅಂತ ನಿಮಗೆ ಎಷ್ಟು ಸಲ ಹೇಳಿದೀನಿ.

ಕನ್ನಡಕದವರು: ಕರೆಂಟು ಹೋದಾಗ ಸಮುದ್ರಾನೂ ನಿಂತು ಹೋಗುತ್ತಲ್ಲ.

ಯಜಮಾನರು: ಅಲೆಗಳಿಗೂ ಒಂದು ಹೊತ್ತು ಅಂತ ಇರುತ್ತೆ.

ಇಬ್ಬರೂ ಪ್ರತಿ ವರ್ಷ ಆಡಿಕೊಂಡು ಬಂದ ಮಾತು ಇದು. ಬೇರೆ ಯಾವ ಲಾಡ್ಜಿನಲ್ಲಾದರೂ ಗಿರಾಕಿ ದೂರು ಕೊಟ್ಟರೆ ಮಾಲೀಕ ಫ್ಯಾನು ನೋಡುತ್ತಾನೆ. ಇಲ್ಲಿ ಮಾಲೀಕರು ಕಿಟಕಿಯಾಚೆ ಕೈ ತೋರಿಸುತ್ತಿದ್ದರು. ಅತ್ತ ಸಮುದ್ರ ಇತ್ತು ಎಂಬುದೇನೋ ನಿಜ. ಎರಡು ಬೀದಿ, ಒಂದು ಮೀನು ಮಾರುಕಟ್ಟೆ, ಒಂದು ಬಸ್ ನಿಲ್ದಾಣ ದಾಟಿದರೆ ಸಿಗುತ್ತಿತ್ತು.

ಯಜಮಾನರಿಗೆ ಉರಿ ಹತ್ತಿದ್ದು ಫ್ಯಾನಿನ ಮಾತಿಗಲ್ಲ. ಈ ಮನುಷ್ಯನಿಗಾಗಿ ತಾವು ಏನೆಲ್ಲ ಕಟ್ಟಲಿಲ್ಲ ಎಂದು. ಅವರು ಮೊದಲ ಸಲ ಬಂದಾಗ ಒಂದು ಹೆಗಲಿಗೆ ಹಾಸಿಗೆಯ ಸುರುಳಿ, ಇನ್ನೊಂದು ಕೈಯಲ್ಲಿ ಸೀಮೆಎಣ್ಣೆಯ ಸ್ಟೌ. ಆಗ ರಜೆಗೆ ಹೋಗುವುದೆಂದರೆ ಮನೆಯನ್ನೇ ಕಟ್ಟಿಕೊಂಡು ಹೋಗುವುದು. ಲಾಡ್ಜಿನವನು ನಾಲ್ಕು ಗೋಡೆ, ಒಂದು ಚಿಲಕ ಕೊಟ್ಟರೆ ಸಾಕಿತ್ತು. ಸ್ನಾನಕ್ಕೆ ಅಂಗಳ ದಾಟಬೇಕು, ನೀರನ್ನು ಬಾವಿಯಿಂದ ಸೇದಬೇಕು. ಮಗು ಹುಟ್ಟಿತು; ಬಚ್ಚಲು ಕೋಣೆಯೊಳಗೇ ಬೇಕು ಎಂದರು. ಯಜಮಾನರು ಕಟ್ಟಿಸಿದರು, ಲಾಡ್ಜಿನ ಬಾವಿ ಮುಚ್ಚಿಸಿದರು. ಮಗು ಓಡಾಡುವಂತಾಯಿತು; ಟಿವಿ ಇಲ್ಲದ ಕಡೆ ಅದು ಊಟ ಮಾಡುವುದಿಲ್ಲ ಎಂದರು. ಟಿವಿ ಬಂತು. ಆಮೇಲೆ ಎಸಿ. ಅದನ್ನು ಕೂರಿಸಲು ಬಾಗಿಲ ಮೇಲೆ ಮಾತ್ರ ಜಾಗವಿದ್ದದ್ದರಿಂದ ಅದರ ತಂಪನ್ನು ಮಂಚದವರೆಗೆ ಸಾಗಿಸಲು ಫ್ಯಾನು ಉಳಿಯಬೇಕಾಯಿತು. ಕೊನೆಗೆ ಹುಡುಗ ಈಜಬೇಕೆಂದ. ಯಜಮಾನರು ಒಂದು ಕೊಳ ತೋಡಿಸಿದರು. ಒಂದು ಎಮ್ಮೆ ಇಳಿದರೆ ನೀರೆಲ್ಲ ಆಚೆ ಬರುವಂಥ ಕೊಳ. ಅದು ಮುಗಿಯುವ ಹೊತ್ತಿಗೆ ಹುಡುಗನಿಗೆ ಮೀಸೆ ಬಂದು, ಅವನು ಅದರ ದಡದಲ್ಲಿ ಕೂತು ಫೋನು ನೋಡತೊಡಗಿದ್ದ.

ಯಜಮಾನರು: ಸರಿ. ಆ ಅರಮನೆಯಲ್ಲಿ ಏನಿದೆ, ನಾನೂ ಕೇಳಿಸ್ಕೋತೀನಿ. ಓದಿ.

ಕನ್ನಡಕದವರು ಫೋನನ್ನು ಕೈಯಷ್ಟು ದೂರ ಹಿಡಿದರು. ಊರಿಗೆಲ್ಲ ಕನ್ನಡಕ ಕೊಡುವವರು ತಮ್ಮದನ್ನು ಕಾರಿನಲ್ಲಿ ಬಿಟ್ಟು ಬಂದಿದ್ದರು.

ಕನ್ನಡಕದವರು: "ಹಳೆಯ ಕಾಲದ ಮನೆ. ಏನನ್ನೂ ಬದಲಾಯಿಸಿಲ್ಲ."

ಯಜಮಾನರು: ಬದಲಾಯಿಸೋ ಯೋಗ್ಯತೆ ಇಲ್ಲ ಅಂತ ಅರ್ಥ.

ಕನ್ನಡಕದವರು: "ಟಿವಿ ಇಲ್ಲ. ಎಸಿ ಇಲ್ಲ. ಗೋಡೆ ದಪ್ಪಗಿದೆ."

ಯಜಮಾನರು: ಇಲ್ಲದ್ದಕ್ಕೂ ದುಡ್ಡು ತಗೋಬಹುದು ಅಂತ ಮೊದಲೇ ಗೊತ್ತಿದ್ರೆ ನಾನೂ ಏನೂ ಹಾಕಿಸ್ತಿರ್ಲಿಲ್ಲ.

ಕನ್ನಡಕದವರು: "ಹಿತ್ತಿಲಲ್ಲಿ ಬಾವಿ ಇದೆ. ಅತಿಥಿಗಳು ತಾವೇ ನೀರು ಸೇದಬಹುದು."

ಯಜಮಾನರು: ಸೇದಬಹುದಂತೆ. ಮೊದಲ್ನೇ ಸಲ ಬಂದಾಗ ಎರಡು ಕೊಡ ಸೇದಿ, ಹೋಗೋವರೆಗೂ ನನ್ನ ಜೊತೆ ಮಾತು ಬಿಟ್ಟವರು ಯಾರು?

ಕನ್ನಡಕದವರು: ಆಗ ಸೇದಲೇಬೇಕಿತ್ತು. ಈಗ ಸೇದಬಹುದು. ವ್ಯತ್ಯಾಸ ಇದೆ.

ಯಜಮಾನರು: ಮುಂದಕ್ಕೆ ಓದಿ.

ಕನ್ನಡಕದವರು: "ಮನೆಯ ಹಿರಿಯರು ಸ್ವಲ್ಪ ಸಿಡುಕು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕಾಫಿ ಕೊಟ್ಟರೆ ಸರಿಹೋಗುತ್ತಾರೆ."

ಯಜಮಾನರು ಆ ದಿನ ಮೊದಲ ಬಾರಿಗೆ ನಕ್ಕರು. ತಮಗಿಂತ ಕೆಟ್ಟ ಗತಿಯವನೊಬ್ಬ ಇದೇ ಊರಿನಲ್ಲಿದ್ದಾನೆ ಎಂಬುದು ಎದೆಗೆ ಎಣ್ಣೆ ಹಚ್ಚಿದ ಹಾಗಾಯಿತು.

ಯಜಮಾನರು: ಪಾಪ, ಯಾವನೋ ಪುಣ್ಯಾತ್ಮ. ಕಟ್ಕೊಂಡವಳೇ ಹೀಗೆ ಊರಿಗೆಲ್ಲ ಸಾರ್ತಿದಾಳೆ ಅಂದ್ರೆ ಅವನು ಅವಳನ್ನ ಎಷ್ಟು ಗೋಳು ಹುಯ್ಕೊಂಡಿರ್ಬೇಕು. ಅವನ ಮುಖಾನ ಹಾಕಿದಾರಾ?

ಕನ್ನಡಕದವರು: ಮುಖ ಇಲ್ಲ. ಕೋಣೆಯ ಪಟ ಇದೆ, ನೋಡಿ.

ಫೋನು ಕೌಂಟರಿನ ಮೇಲೆ ಬಂತು. ಯಜಮಾನರು ಮಾಲು ಪರೀಕ್ಷೆ ಮಾಡುವವರಂತೆ ಬಾಗಿದರು. ಒಂದು ಮಂಚ, ಒಂದು ಕಿಟಕಿ, ಒಂದು ಮರದ ಕುರ್ಚಿ.

ಯಜಮಾನರು: ಕುರ್ಚಿಯ ಕೈ ಮುರಿದಿದೆ. ತಂತಿ ಸುತ್ತಿದಾರೆ. ಇಂಥಾದ್ದನ್ನ ಪಟ ತೆಗೆದು ಹಾಕೋಕೆ ನಾಚಿಕೆ ಬೇಡ್ವಾ?

ಕನ್ನಡಕದವರು: ಸೊಸೆಗೆ ಆ ಕುರ್ಚಿ ನೋಡೇ ಮನೆ ಇಷ್ಟವಾಗಿದ್ದು.

ಯಜಮಾನರು: ತಂತಿ ಸುತ್ತಿರೋದೂ ಉಲ್ಟಾ. ನಾನೂ ಎಡಚ, ನಮ್ಮನೆ ಕುರ್ಚಿಗೆ ನಾನೂ ಹೀಗೇ…

ಅವರು ಫೋನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ಕನ್ನಡಕದವರು: ಹಳೇ ಮನೆ ಅಂದ್ಮೇಲೆ ಎಲ್ಲಾ ಕಡೆ ಅಂಥಾ ಕುರ್ಚಿ ಇದ್ದೇ ಇರುತ್ತೆ.

ಯಜಮಾನರು: ಕುರ್ಚಿ ಇರುತ್ತೆ. ನನ್ನ ಅಂಗಿ ಎಲ್ಲಾ ಕಡೆ ಇರಲ್ಲ.

ಪಟದಲ್ಲಿ, ಕಿಟಕಿಯ ಸರಳಿಗೆ ನೇತುಬಿದ್ದಿತ್ತು ಒಂದು ಪಟ್ಟೆ ಅಂಗಿ. ಜೇಬಿನ ಕೆಳಗೆ ಶಾಯಿಯ ಕಲೆ. ಕನ್ನಡಕದವರು ಪಟ ನೋಡಿದರು, ತಲೆಯೆತ್ತಿ ಯಜಮಾನರನ್ನು ನೋಡಿದರು. ಕನ್ನಡಕ ಇಲ್ಲದೆಯೂ ಅವರ ಮೈಮೇಲಿನ ಪಟ್ಟೆ ಅಂಗಿಯಲ್ಲಿ ಅದೇ ಕಲೆ ಕಂಡಿತು.

ಲಾಡ್ಜಿನ ಹಿಂಗೋಡೆಗೆ ಅಂಟಿಕೊಂಡಂತೆಯೇ ಯಜಮಾನರ ಮನೆ. ಯಜಮಾನರು ಮದುವೆಯಾದಾಗಿನಿಂದ ಅಡಿಗೆಮನೆಯ ಬಾಗಿಲಿನಿಂದ ಲಾಡ್ಜಿಗೆ ಬಂದು, ಅದೇ ಬಾಗಿಲಿನಿಂದ ವಾಪಸು ಹೋಗುತ್ತಿದ್ದರು. ಮುಂಬಾಗಿಲು ಆಚೆ ಬೀದಿಗಿತ್ತು. ತಮ್ಮ ಮನೆ ಬೀದಿಯಿಂದ ಹೇಗೆ ಕಾಣುತ್ತದೆ ಎಂದು ಕೇಳಿದ್ದರೆ ಅವರು ಹೆಂಡತಿಯನ್ನೇ ಕೇಳಿ ಹೇಳಬೇಕಿತ್ತು.

ಆ ಹೆಂಡತಿ ಈಗ ಅದೇ ಅಡಿಗೆಮನೆಯ ಬಾಗಿಲಿನಿಂದ, ಕೈಯಲ್ಲಿ ಮನೆಯ ಕೀಲಿ ಹಿಡಿದುಕೊಂಡು, ಹಾಲಿನವನಿಗೆ ಪಾತ್ರೆ ಕೊಡಲು ಬಂದಷ್ಟೇ ಸಲೀಸಾಗಿ ಬಂದರು.

ಹೆಂಡತಿ: ಬಂದ್ರಾ? ನಿಮ್ಮ ಸೊಸೆಗೆ ಬರೆದಿದ್ದೆ, ಲಾಡ್ಜಿನ ಹತ್ರ ಬಂದು ಹಿಂದಿನ ಬೀದಿಗೆ ತಿರುಗಿ ಅಂತ.

ಯಜಮಾನರು: ಸುಣ್ಣ ಹೊಡೆಸ್ಬೇಕು ಅಂದ್ಯಲ್ಲ.

ಹೆಂಡತಿ: ಅಂದೆ. ಹೊಡೆಸ್ಬೇಡಿ, ಗೋಡೆ ಹೀಗೇ ಇರ್ಲಿ ಅಂತ ಅವರ ಸೊಸೆ ಹೇಳಿದ್ಲು.

ಯಜಮಾನರು: ನನ್ನ ಮಂಚಾನ ಬಾಡಿಗೆಗೆ ಕೊಟ್ಟಿದೀಯ.

ಹೆಂಡತಿ: ನಮ್ಮ ಮಂಚ. ನಿಮ್ಮ ಮಂಚಗಳು ಇಲ್ಲಿವೆ, ಒಂದಕ್ಕೂ ಜನ ಇಲ್ಲ.

ಯಜಮಾನರು: ನನಗೊಂದು ಮಾತು ಹೇಳ್ಬಾರ್ದಿತ್ತಾ?

ಹೆಂಡತಿ: ಹೇಳಿದ್ರೆ ಮನೆಗೂ ಟಿವಿ ಹಾಕಿಸಿಬಿಡ್ತಿದ್ರಿ.

ಕನ್ನಡಕದವರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅದು ಹೋದ ವರ್ಷದ್ದು.

ಯಜಮಾನರು ಕೂತಲ್ಲಿಂದಲೇ ಹೆಂಡತಿಗೆ ತಮ್ಮ ಜೀವಮಾನದ ಬಚ್ಚಲುಗಳನ್ನೂ ಎಸಿಗಳನ್ನೂ ಕೊಳವನ್ನೂ ನೆನಪಿಸಿದರು. ಇದನ್ನೆಲ್ಲ ತಾವು ಕಟ್ಟಿದ್ದು ಬಾವಲಿಗಳಿಗೋ ಎಂದು ಕೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡರು. ಅಂಗಡಿಯವನು ಬೆಲೆ ಹೇಳಿ ಮುಗಿಸಲಿ ಎಂದು ಕಾಯುವವರ ಹಾಗೆ.

ಹೆಂಡತಿ: ನೀವು ಕಟ್ಟಿದ್ದು ಯಾವುದೂ ಈಗಿನವರಿಗೆ ಬೇಡವಂತೆ. ನೀವು ಕಟ್ಟದೇ ಬಿಟ್ಟಿದ್ದು ಬೇಕಂತೆ. ನಾನು ಬಂದಾಗಿನಿಂದ ಕೇಳ್ತಿದೀನಿ, ಮನೆ ಗೋಡೆಗೊಂದು ಮೊಳೆ ಹೊಡೀರಿ ಅಂತ. ಇದ್ದಬದ್ದ ದುಡ್ಡೆಲ್ಲ ಲಾಡ್ಜಿಗೆ ಸುರಿದ್ರಿ. ಮನೆ ಬಾವಿ ಮುಚ್ಚಿಸೋಕೂ ಕೈ ಬರ್ಲಿಲ್ಲ ನಿಮಗೆ. ನಿಮ್ಮ ಜಿಪುಣತನಕ್ಕೇ ಈಗ ಬೆಲೆ ಬಂದಿರೋದು. ನಾನು ಬರೀ ಪಟ ತೆಗೆದೆ.

ಯಜಮಾನರು ಕೀಲಿಯ ಹಲಗೆಯತ್ತ ನೋಡಿದರು. ಮನೆಯ ಬಾಡಿಗೆ ಬರುವುದರಿಂದ ಬೋರ್ಡು ಇಳಿಸಬೇಕಾಗಿಲ್ಲ ಎಂಬುದು ಅವರಿಗೆ ಹೊಳೆದಿತ್ತು. ಅದಕ್ಕೆ ತಾವು ಕಾರಣವಲ್ಲ ಎಂಬುದೂ ಹೊಳೆದಿತ್ತು. ಮೊದಲನೆಯದು ಸುಖ, ಎರಡನೆಯದು ಸಂಕಟ. ಎರಡನ್ನೂ ಒಟ್ಟಿಗೆ ನುಂಗಬೇಕಾಯಿತು.

ಯಜಮಾನರು: ಸಿಡುಕು ಅಂತ ಬರೀಬೇಕಾಗಿರ್ಲಿಲ್ಲ.

ಹೆಂಡತಿ: ಸುಳ್ಳು ಬರೆದ್ರೆ ಗಿರಾಕಿಗಳು ದೂರ್ತಾರೆ.

ಕನ್ನಡಕದವರು (ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ): ಹಿರಿಯರು ಮನೇಲಿರ್ತಾರೆ ಅಂತಾನೂ ಬರೆದಿದೆ. ಇವರು ಇಲ್ಲಿ ಮಲಗಿದ್ರೆ ಹೇಗೆ?

ಹೆಂಡತಿ: ಬೆಳಿಗ್ಗೆ ಸಂಜೆ ಬಂದು ಜಗಲಿ ಮೇಲೆ ಕೂತು ರೇಗ್ತಾರೆ. ಅದು ಬಾಡಿಗೇಲೇ ಸೇರಿದೆ.

ಯಜಮಾನರು ಎದ್ದರು. ಹೋಗಿ ಕಾರಿನ ಬಾಗಿಲು ತೆಗೆದು, ಎಲ್ಲಕ್ಕಿಂತ ಭಾರದ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡರು. ಗಾಲಿ ಇರುವ ಪೆಟ್ಟಿಗೆಯನ್ನು ಎತ್ತಬೇಕಾಗಿಲ್ಲ ಎಂದು ಸೊಸೆ ಹೇಳಿದಳು. ಅವರು ಆಕೆಗೆ ರೇಗಿದರು. ಸೊಸೆ ಮಾವನ ಕಡೆ ತಿರುಗಿ, ಎಲ್ಲ ಬರೆದ ಹಾಗೇ ಇದೆ ಎಂದು ಮೆಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ಕನ್ನಡಕದವರು ಬಾವಿಕಟ್ಟೆಯ ಬಳಿ ನಿಂತಿದ್ದರು. ಅವರ ಮಗ ಒಂದು ಕೊಡ ನೀರು ಸೇದಿ, ಅದರ ಪಟ ತೆಗೆಸಿಕೊಂಡು, ಮತ್ತೆ ಬಾವಿಗೇ ಸುರಿಯುತ್ತಿದ್ದ. ಯಜಮಾನರು ಅಡಿಗೆಮನೆಯ ಬಾಗಿಲಿನಿಂದ ಬಂದು ಹಿತ್ತಿಲ ಜಗಲಿಯ ಮೇಲೆ, ತಂತಿ ಸುತ್ತಿದ ಕುರ್ಚಿಯಲ್ಲಿ ಕೂತರು. ಕಣ್ಣು ಕೆಂಡದ ಹಾಗಿದ್ದವು. ಲಾಡ್ಜು ಕಟ್ಟಿದಂದಿನಿಂದ ಅವರು ಅದರ ಯಾವ ಕೋಣೆಯಲ್ಲೂ ಒಂದು ರಾತ್ರಿ ಮಲಗಿದವರಲ್ಲ; ಹಿಂದಿನ ರಾತ್ರಿಯೇ ಮೊದಲು. ಹೆಂಡತಿ ಕಾಫಿ ತಂದುಕೊಟ್ಟರು. ಅವರು ಸರಿಹೋಗಲಿಲ್ಲ.

ಕನ್ನಡಕದವರು: ಏಳನೇ ನಂಬರಿನಲ್ಲಿ ನಿದ್ದೆ ಬಂತಾ?

ಯಜಮಾನರು ಕಾಫಿ ಪೂರ್ತಿ ಕುಡಿದು ಮುಗಿಸಿದರು.

ಯಜಮಾನರು: ಸಮುದ್ರ ಸ್ವಲ್ಪ ಜೋರಾಗಿತ್ತು.

ಅಷ್ಟು ಹೇಳಿ, ಏಣಿ ಎಲ್ಲಿದೆ ಎಂದು ಹೆಂಡತಿಯನ್ನು ಕೇಳಿ, ಸ್ಕ್ರೂಡ್ರೈವರು ಹಿಡಿದುಕೊಂಡು ಲಾಡ್ಜಿನ ಕಡೆ ನಡೆದರು. ಆ ಗಿರಾಕಿಗೆ ಅವರು ಕೊಡಬೇಕಾದದ್ದು ದುಡ್ಡಲ್ಲ. ಮದುವೆಯಾದಂದಿನಿಂದ ಹೋದ ವರ್ಷದವರೆಗಿನ ಎಲ್ಲ ರಜೆಗಳ ನಿದ್ದೆ.