ತಾಲೂಕಿಗೊಂದೇ ನಿಬ್ಬು

ಹೆಣ್ಣು ನೋಡಲು ಬಂದು ಹೆಣ್ಣಿನ ಅಪ್ಪನ ಕಿಸೆಯನ್ನೇ ದಿಟ್ಟಿಸಿ ನೋಡಿದ ಗಂಡು ಪುತ್ತೂರು ತಾಲೂಕಿನಲ್ಲಿ ಇದ್ದದ್ದು ಒಬ್ಬರೇ. ಅವರು ನನ್ನ ಪಾಲಿಗೇ ಬರಬೇಕೆ! ಕಿಸೆಯಲ್ಲಿ ದುಡ್ಡೇನೂ ಇರಲಿಲ್ಲ, ಒಂದು ಪೆನ್ನಿತ್ತು. ಕಾಫಿ ಕುಡಿದ ಕೂಡಲೇ ಅದನ್ನು ಕೇಳಿ ಪಡೆದು, ಮುಚ್ಚಳ ತೆಗೆದು, ನಿಬ್ಬನ್ನು ಹೆಬ್ಬೆರಳಿನ ಉಗುರಿಗೆ ಒತ್ತಿ ನೋಡಿದರು. "ಸಾಧಾರಣದ್ದು. ಹತ್ತು ಕಿಸೆಯಲ್ಲಿ ಒಂಬತ್ತರಲ್ಲಿ ಉಂಟು" ಎಂದರು. ಅಪ್ಪನ ಮುಖ ಸಣ್ಣದಾಯಿತು. "ಹುಡುಗಿ ಹೇಗೆ?" ಎಂದು ಅಜ್ಜಿ ಕೇಳಿದರು. "ಅಡ್ಡಿಯಿಲ್ಲ." ನಿಬ್ಬಿಗಿಂತ ಒಂದು ಮೆಟ್ಟಿಲು ಮೇಲೆ ಎಂದು ಸಮಾಧಾನಪಟ್ಟು ಮದುವೆಯಾದೆ.

ಅವರು ಹೋಗಿ ಮೂರು ತಿಂಗಳಾಯಿತು. ಮನೆಯಲ್ಲಿ ಡಬ್ಬಿ ಡಬ್ಬಿ ನಿಬ್ಬು. ಇವನ್ನು ನಾನು ಒಗ್ಗರಣೆಗೆ ಹಾಕಲೆ?

ದಸ್ತಾವೇಜು ಬರೆಯುವುದು ಅವರ ಉದ್ಯೋಗ, ನಿಬ್ಬು ನೋಡುವುದು ಹುಚ್ಚು. ನಿಬ್ಬು ಮಾಡುವವರು ಓರೆಯಾದ ಇಂಗ್ಲಿಷಿಗೆಂದು ಮಾಡುತ್ತಾರೆ, ನಮ್ಮ ಅಕ್ಷರವೋ ದುಂಡಗೆ, ಉರುಟು. 'ಠ' ಬರೆಯುವಾಗ ತಿರುವಿನಲ್ಲಿ ಸದ್ದು ಮಾಡದ ನಿಬ್ಬೇ ಅಪರೂಪದ್ದು ಎಂಬುದು ಅವರ ಸಿದ್ಧಾಂತ. ಅದಕ್ಕಾಗಿ ಕಾಗದಕ್ಕೆ ಕಿವಿಯಿಟ್ಟು ಬರೆಯುತ್ತಿದ್ದರು. ಜಾಗ ಮಾರಲು ಬಂದವರು, ಈ ಮನುಷ್ಯ ನಮ್ಮ ಪತ್ರದ ಎದೆಬಡಿತ ಕೇಳುತ್ತಿದ್ದಾರೋ ಎಂದು ಹೆದರುತ್ತಿದ್ದರು!

ನಿಬ್ಬಿನ ವಿಷಯದಲ್ಲಿ ಮುಲಾಜೆಂಬುದೇ ಇಲ್ಲ. ದೊಡ್ಡ ಅಧಿಕಾರಿಯೊಬ್ಬರು ಮಾವ ಕೊಟ್ಟ ಚಿನ್ನದ ನಿಬ್ಬು ತೋರಿಸಿದರೆ, "ಚಿನ್ನದ ನೀರು ಕುಡಿದ ಉಕ್ಕು, ಸಾರ್" ಎಂದುಬಿಟ್ಟರು. "ಚೆಂದ ಉಂಟು ಅಂತ ಒಂದು ಮಾತು ಹೇಳಿದ್ರೆ ನಿಮ್ಮ ನಾಲಿಗೆ ಸವೆಯುದಾ?" ಎಂದೆ. "ನಿಬ್ಬಿನ ಮೇಲೆ ಸುಳ್ಳು ಹೇಳುದು ಹೇಗೆ ಮಾರಾಯ್ತಿ?" ಎಂದರು.

ಒಮ್ಮೆ ಸುಳ್ಯದ ಗೌಡರೊಬ್ಬರು ತಂದುಕೊಟ್ಟ ಪೆನ್ನಿನ ನಿಬ್ಬು ಒಂದು ಬದಿಗೆ ಓರೆಯಾಗಿ ಸವೆದಿತ್ತು. "ಮೊನೆಗೆ ಇಂಥ ಓರೆ ಕಡಿತ ನಾನು ಕಂಡದ್ದೇ ಇಲ್ಲ!" ಎಂದು ಇವರು ಕುಣಿದಾಡಿದರು. ಇವರಂತೆಯೇ ನಿಬ್ಬಿನ ಹುಚ್ಚಿದ್ದ ಕಡಬದ ಇಬ್ಬರು ಮೇಷ್ಟ್ರುಗಳಿಗೂ ಹೇಳಿಬಂದರು. ಮುಂದಿನ ವಾರ ಗೌಡರು ತಾಯಿಯ ಜೊತೆ ಬಂದರು. ಆ ಅಮ್ಮ ಪೆನ್ನು ನೋಡಿದವರೇ, "ಇದು ಇಲ್ಲಿಗೆ ಹೇಗೆ ಬಂತು? ನಾನು ಸುಣ್ಣ ತೆಗೆಯುದು ಇದರಲ್ಲೇ ಅಲ್ವಾ!" ಎಂದರು. ಹಿತ್ತಾಳೆಯ ಸುಣ್ಣದ ಡಬ್ಬಿ ಕೆರೆದು ಕೆರೆದು ಬಂದ ಓರೆ! ನಾನು ಜ್ವರದಿಂದ ಮಲಗಿದ್ದೆ, ಆದರೂ ಇವರು ಮರುದಿನ ಮೊದಲ ಬಸ್ಸಿಗೆ ಕಡಬಕ್ಕೆ ಹೊರಟರು, ಮೇಷ್ಟ್ರುಗಳಿಗೆ ತಿದ್ದಿ ಹೇಳಲು.

ಅವರ ಹತ್ತಿರ ನಿಜಕ್ಕೂ ಅಪರೂಪದ್ದೆಂದು ಇದ್ದದ್ದು ಒಂದೇ ನಿಬ್ಬು. 'ಠ' ಬರೆದರೆ ಬೆಕ್ಕು ನಡೆದಷ್ಟೂ ಸದ್ದಿಲ್ಲ. ಅದನ್ನು ನಾನು ಮುಟ್ಟುವಂತಿರಲಿಲ್ಲ. ಆದರೆ ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಯಿತು. ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಮಂಚದ ಬದಿಯಲ್ಲಿ ಕೂತು ನಾನು ಬರೆಯಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ದಿನದಲ್ಲಿ ಅವರ ಮುಖಕ್ಕೆ ಬೆಳಕು ಬರುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ.

ಒಂದು ಸಂಜೆ ಒರೆಸಿಡುವಾಗ ಪೆನ್ನು ಕೈಜಾರಿ ಸಿಮೆಂಟಿನ ನೆಲಕ್ಕೆ ಮೊನೆ ಕೆಳಗಾಗಿಯೇ ಬಿತ್ತು. ನಿಬ್ಬು ಕಾಗೆಯ ಕೊಕ್ಕಿನ ಹಾಗೆ ಬಾಯಿ ತೆರೆಯಿತು. ನೆಟ್ಟಗೆ ಮಾಡಲು ಹೋದೆ, ಮುರಿಯಿತು. ಅವರಿಗೆ ಉಳಿದಿದ್ದದ್ದು ಅದೊಂದೇ. ಡಬ್ಬಿಗಳಲ್ಲಿದ್ದ ಒಂದೊಂದರ ಸದ್ದೂ ಅವರಿಗೆ ಗೊತ್ತೆಂದು, ಪೇಟೆಗೆ ಓಡಿ ಶಾಲೆ ಮಕ್ಕಳ ನಿಬ್ಬು ತಂದು ಸಿಕ್ಕಿಸಿದೆ. ಮರುದಿನ ದೇವರ ಮೇಲೆ ಭಾರ ಹಾಕಿ ಬರೆದೆ.

ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತೊದಲುತ್ತಾ, "ಇಂಥದ್ದು ತಾಲೂಕಿನಲ್ಲಿ ಇನ್ನೊಂದಿಲ್ಲ" ಎಂದರು.

ಒಳಗೆ ಹೋಗಿ ಅತ್ತುಬಿಟ್ಟೆ. ಸಿಕ್ಕಿಬೀಳಲಿಲ್ಲವಲ್ಲ ಎಂದು ಅಲ್ಲ. ಕೈ ಹೋದ ಹಾಗೆ ಕಿವಿಯೂ ಹೋಯಿತಲ್ಲ, ಇನ್ನು ಈ ಮನುಷ್ಯನಲ್ಲಿ ಉಳಿದದ್ದೇನು ಎಂದು.

ಅಂದು ಮಧ್ಯಾಹ್ನ ಪಕ್ಕದ ಮನೆಯ ರೈಗಳು ನೋಡಲು ಬಂದರು. ನಾನು ಅಡಿಗೆಮನೆಯಲ್ಲಿದ್ದೆ, ಇವರ ತೊದಲು ಮಾತೂ ಅಲ್ಲಿಗೆ ಕೇಳುತ್ತಿತ್ತು.

"ನಿಮ್ಮ ಆ ನಿಬ್ಬು ಹೇಗುಂಟು?" ಎಂದು ರೈಗಳು ಕೇಳಿದರು.

"ಅದು ಹೋಯ್ತು ಮಾರಾಯ್ರೆ. ಈಗ ಇರುದು ಶಾಲೆ ಮಕ್ಕಳದ್ದು. 'ಠ' ಬರೆದ್ರೆ ಇಲಿ ಕೆರೆದ ಹಾಗೆ ಕೇಳ್ತದೆ."

"ಮತ್ತೆ ನಿಮ್ಮ ಮನೆಯವರತ್ರ ಹೇಳ್ಲಿಲ್ವಾ?"

"ಎಂತ ಹೇಳುದು? ಅವಳ ಕೈ ನಡುಗುದೂ ಕೇಳ್ತಾ ಇತ್ತು."

ಮರುದಿನ ಬೆಳಿಗ್ಗೆ ನಾನು ಕಾಗದ ಹಿಡಿದು ಕೂತೆ. ಬರೆದೆ. "ಹೇಗುಂಟು?" ಎಂದೆ.

"ತಾಲೂಕಿನಲ್ಲಿ ಇನ್ನೊಂದಿಲ್ಲ."

"ಹೌದಾ" ಎಂದೆ.

ಹೀಗೆ ಹತ್ತೊಂಬತ್ತು ದಿನ. ಇಪ್ಪತ್ತನೆಯ ಬೆಳಿಗ್ಗೆಯೂ ನಾನು ಬರೆದೆ, "ಹೇಗುಂಟು?" ಎಂದು ಕೇಳಿದೆ. ಅವರು ಮುಚ್ಚಿದ ಕಣ್ಣು ಮತ್ತೆ ತೆರೆಯಲೇ ಇಲ್ಲ.