ನಮ್ಮ ಮನೆಯ ಡೆನ್ಮಾರ್ಕಿನವಳು

ಇನ್ನೊಬ್ಬಳ ಅಡುಗೆಯನ್ನು ಗಂಡ ಹೊಗಳಿದರೆ ಹೇಗೋ ನುಂಗಿಕೊಳ್ಳಬಹುದು. ಇನ್ನೊಬ್ಬಳ ಅಡುಗೆಮನೆಯನ್ನು ಹೊಗಳಿದರೆ ಮಾತ್ರ ನನ್ನಿಂದ ಆಗುವುದಿಲ್ಲ. ಅದರಲ್ಲೂ ಆ ಇನ್ನೊಬ್ಬಳು ಸತ್ತು ಎಷ್ಟೋ ಕಾಲವಾಗಿದ್ದರೆ ಜಗಳವಾಡುವುದಾದರೂ ಯಾರ ಹತ್ತಿರ?

ಮೌಂಟನ್ ವ್ಯೂ ಊರಿನ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ಹೋದ ವಾರ ಯಾರದೋ ಮನೆಯ ಹಳೆ ಸಾಮಾನಿನ ಗರಾಜ್ ಸೇಲ್ ಇತ್ತು. ಟೋಸ್ಟರು ತರಲು ಹೋದ ನಮ್ಮವರು ಒಂದು ಚಿತ್ರ ಹೊತ್ತು ತಂದರು. ಹತ್ತೊಂಬತ್ತನೆಯ ಶತಮಾನದ ಡೆನ್ಮಾರ್ಕಿನ ಚಿತ್ರದ ಅಚ್ಚು ಪ್ರತಿ ಎಂದು ಹಿಂದೆ ಚೀಟಿ ಅಂಟಿಸಿತ್ತು. ಕಿಟಕಿಯ ಪಕ್ಕ ಒಬ್ಬ ಹೆಂಗಸು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕಾಳು ಬಿಡಿಸುತ್ತಿದ್ದಾಳೆ. ನೆಲ ಫಳಫಳ. ಇಡೀ ಅಡುಗೆಮನೆಗೆ ಇರುವುದು ಒಂದೇ ಪಾತ್ರೆ, ಅದೂ ತೊಳೆದದ್ದು. ಅಂದಿನಿಂದ ನನ್ನ ಒಗ್ಗರಣೆಗೆ ಸ್ಮೋಕ್ ಅಲಾರಮ್ಮು ಹೊಡೆದುಕೊಂಡಾಗಲೆಲ್ಲ ನಮ್ಮವರ ಕಣ್ಣು ಗೋಡೆಗೆ ತೂಗುಹಾಕಿದ ಆ ಚಿತ್ರದ ಕಡೆಗೇ ಹೊರಳುತ್ತದೆ. ಅವಳು ಜನ್ಮದಲ್ಲಿ ಒಂದು ಒಗ್ಗರಣೆ ಹಾಕಿದ್ದರೆ ಅವಳ ಅಡುಗೆಮನೆಯ ಗೋಡೆ ಹಾಗೆ ಬೆಳ್ಳಗಿರುತ್ತಿತ್ತೆ?

ಇವತ್ತು ಸಂಜೆ ಇಲ್ಲೇ ಹತ್ತಿರದ ಬೆರ್ರಿಯೆಸಾದಿಂದ ಮೂರು ಸಂಸಾರ ಊಟಕ್ಕೆ ಬರುತ್ತಿದೆ. ಹಿತಕಿದ ಅವರೆಬೇಳೆ ಸಾರು ಎಂದು ಎಲ್ಲರಿಗೂ ಮಾತು ಕೊಟ್ಟವರು ನಮ್ಮವರು. ಮೈಸೂರಿನಿಂದ ತಂದ ಒಣ ಅವರೆಯನ್ನು ನೆನೆಹಾಕಿ, ಬೆಳಗಿನಿಂದ ಒಂದೊಂದೇ ಕಾಳಿನ ಸಿಪ್ಪೆ ಹಿತಕುತ್ತ ಕೂತವಳು ನಾನು. ಹೆಬ್ಬೆರಳು ಜೋಮು ಹಿಡಿದಿತ್ತು. ಆಗ ಅವರು ಕಾಫಿ ಹಿಡಿದು ಚಿತ್ರದ ಮುಂದೆ ನಿಂತು, "ಅವಳ ಮುಖದಲ್ಲಿ ಎಷ್ಟು ಶಾಂತಿ ನೋಡೇ" ಎಂದರು.

"ಶಾಂತಿ ಅಲ್ಲ ರೀ, ಸುಸ್ತು. ಯಾರಾದ್ರೂ ಕೇಳಿದ್ರಾ ಅವಳನ್ನ?"

ಟೀವಿ ಬಿಟ್ಟು ಎದ್ದು ಬಂದ ನಮ್ಮ ಎಂಟು ವರ್ಷದ ಮಗಳು ಚಿತ್ರವನ್ನು ದಿಟ್ಟಿಸಿ, "ವೇರ್ ಈಸ್ ಹರ್ ಹಸ್ಬೆಂಡ್?" ಎಂದಳು.

"ಎದುರುಗಡೆ ಕೂತ್ಕೊಂಡು ಈ ಚಿತ್ರ ಬರೀತಿರ್ತಾನೆ ಪುಟ್ಟಿ" ಎಂದರು ಅವಳಪ್ಪ.

ನನಗೆ ಮೈಯೆಲ್ಲ ಉರಿದುಹೋಯಿತು. ಎದುರಿಗೇ ಕೂತಿದ್ದನಂತೆ! ಕುಂಚ ಹಿಡಿಯುವಷ್ಟು ಗಟ್ಟಿಯಾದ ಬೆರಳುಗಳೂ ಇದ್ದವು. ಒಂದು ಹಿಡಿ ಕಾಳು ಬಿಡಿಸಿಕೊಡಲು ಮಾತ್ರ ಆಗಲಿಲ್ಲ. ಅವಳು ದುಡಿದಳು, ಹೆಸರು ಅವನಿಗೆ ಬಂತು.

"ಇದು ಸಾವಿರದ ಒಂಬೈನೂರ ಎಂಬತ್ತೈದು, ಸಾವಿರದ ಎಂಟುನೂರ ಎಂಬತ್ತೈದಲ್ಲ. ಕೂತ್ಕೊಳ್ಳಿ" ಎಂದು ಕಿಟಕಿ ಪಕ್ಕದ ಕುರ್ಚಿ ತೋರಿಸಿ, ಅವರೆಯ ಬೋಗುಣಿಯನ್ನು ಅವರ ತೊಡೆಯ ಮೇಲೆ ಕುಕ್ಕಿದೆ. ಅವರು ಕಾಫಿ ಲೋಟ ಪಕ್ಕಕ್ಕಿಟ್ಟು ಹಿತಕಲು ಶುರುಮಾಡಿದರು.

ಸಿಟ್ಟು ಆರುವ ಮೊದಲೇ ಇದನ್ನೆಲ್ಲ ಕನ್ನಡ ಸಂಘದ ಸಂಚಿಕೆಗೆ ಬರೆದುಬಿಡೋಣವೆಂದು ನಾನು ಅವರ ಎದುರಿಗೇ ಕಾಗದ, ಪೆನ್ನು ಹಿಡಿದು ಕೂತೆ. ಕೂತು ಒಂದು ಗಂಟೆಯಾಗಿದೆ. ಒಂದು ಬೋಗುಣಿ ಮುಗಿದು ಈಗ ಎರಡನೆಯದು ನಡೆದಿದೆ.

"ನೀನೂ ಒಂದು ಕೈ ಹಾಕೇ" ಎಂದರು ಈಗ ತಾನೇ.

"ಬರೀತಿದೀನಿ, ಕಾಣಲ್ವಾ? ಸ್ವಲ್ಪ ಹಾಗೇ ಇರಿ" ಎಂದೆ.

ಕಿಟಕಿಯ ಬಿಸಿಲು ಅವರ ಹೆಗಲ ಮೇಲೆ ಬಿದ್ದಿದೆ. ಮುಖದಲ್ಲಿ ಎಷ್ಟು ಶಾಂತಿ! ಕೇಳಿದರೆ ಸುಸ್ತು ಎಂದುಬಿಡಬಹುದು. ಅದಕ್ಕೇ ನಾನು ಕೇಳಲು ಹೋಗಿಲ್ಲ.