ಮಾವನವರ ಮೊಳೆ ಮತ್ತು ಏರ್ ಶೋ

ಮೂಡುಬಿದಿರೆಯ ರಮಾನಾಥನಿಗೆ ಭೂಮಿಯ ಮೇಲೆ ಶತ್ರುಗಳೇ ಇರಲಿಲ್ಲ. ಇದ್ದ ಒಬ್ಬರೂ ತೀರಿಕೊಂಡು ಗೋಡೆಯ ಮೇಲಿದ್ದರು.

ಅವರು ಅವನ ಮಾವ, ಬೆಳ್ತಂಗಡಿಯ ಕುಶಾಲಪ್ಪ ಮಾಸ್ತರು. ಚಾವಡಿಗೆ ಕಾಲಿಟ್ಟವರಿಗೆ ಮೊದಲು ಕಾಣುವ ಗೋಡೆ, ಆ ಗೋಡೆಗೆ ಒಂದೇ ಒಂದು ಗಟ್ಟಿ ಮೊಳೆ, ಆ ಮೊಳೆಯಲ್ಲಿ ದಪ್ಪ ಚೌಕಟ್ಟಿನೊಳಗೆ ಮಾವ. ಬದುಕಿದ್ದಾಗ ಅವರು ಅಳಿಯನನ್ನು ಕನ್ನಡಕದ ಮೇಲಿನಿಂದ ಆಗಾಗ ನೋಡುತ್ತಿದ್ದರು. ಈಗ ರೆಪ್ಪೆ ಬಡಿಯದೆ ಇಡೀ ದಿನ ನೋಡುತ್ತಿದ್ದರು. ರಮಾನಾಥ ಎರಡನೇ ಬನ್ಸಿಗೆ ಕೈ ಹಾಕಿದರೆ ಸಾಕು, ಮೇಲಿನಿಂದ ‘ಹ್ಞೂಂ?’ ಎಂದಂತಾಗುತ್ತಿತ್ತು. (ಬಸ್ ಸ್ಟ್ಯಾಂಡಿನ ಬಳಿ ಸ್ವಂತ ಹೋಟೆಲು ಇರುವವನಿಗೆ ಸ್ವಂತ ಮನೆಯಲ್ಲಿ ಎರಡನೇ ಬನ್ಸು ದಕ್ಕುವುದಿಲ್ಲವೆಂದರೆ ಇನ್ನು ನ್ಯಾಯ ಎಲ್ಲಿದೆ?) ಆದರೆ ‘ನಿನ್ನ ಅಪ್ಪನನ್ನು ಸ್ವಲ್ಪ ಆಚೆ ಇಡುವ’ ಎಂದು ಹೆಂಡತಿ ಅಮ್ಮಣ್ಣಿಯ ಹತ್ತಿರ ಹೇಳುವ ಎದೆಗಾರಿಕೆ ಅವನಲ್ಲಿ ಇರಲಿಲ್ಲ.

2003ರ ಜನವರಿಯಲ್ಲಿ ಅಮ್ಮಣ್ಣಿಯ ತಮ್ಮ ಶೋಧನ್ ದುಬೈಯಿಂದ ರಜೆಗೆ ಬಂದ. ಬರುವಾಗ ಅಕ್ಕನಿಗೆಂದು ಉದ್ದ ಲೆನ್ಸಿನ ಕ್ಯಾಮೆರಾ ತಂದ. ‘ಅಕ್ಕನಿಗೆ’ ಎಂಬ ಶಬ್ದ ಭಾವನ ಕಿವಿಗೆ ಬೀಳಲಿಲ್ಲ, ಕ್ಯಾಮೆರಾ ಮಾತ್ರ ಸೀದಾ ಕೊರಳಿಗೆ ಬಿತ್ತು. ಅದೇ ವಾರ ಬೆಂಗಳೂರಿನ ಯಲಹಂಕದಲ್ಲಿ ಮುಂದಿನ ತಿಂಗಳು ವಿಮಾನ ಪ್ರದರ್ಶನ ಎಂಬ ಸುದ್ದಿ ಪೇಪರಿನಲ್ಲಿ ಬಂತು. ರಮಾನಾಥನ ತಲೆಯಲ್ಲಿ ದಿವ್ಯಜ್ಞಾನದ ದೀಪ ಹತ್ತಿಕೊಂಡಿತು.

“ಬೆಂಗಳೂರಿಗೆ ಹೋಗುವ. ಏರ್ ಶೋ ಉಂಟು,” ಎಂದ.

“ಏರ್?” ಎಂದಳು ಅಮ್ಮಣ್ಣಿ. (ತುಳುವಿನಲ್ಲಿ ‘ಏರ್’ ಎಂದರೆ ‘ಯಾರು’. ಈ ಮನೆಯಲ್ಲಿ ಆಕಳಿಸುವುದೂ ತುಳುವಿನಲ್ಲೇ.)

“ಏರ್ ಶೋ, ಮಾರಾಯ್ತಿ!”

“ಅದೇ ಕೇಳುವುದು. ಶೋ ಕೊಡುವುದು ಏರ್?”

“ಏರೂ ಅಲ್ಲ, ವಿಮಾನ! ಯುದ್ಧದ ಜೆಟ್ಟು, ಅಜ್ಜಂದಿರ ಕಾಲದ ಪಂಖದ ವಿಮಾನ, ಎಲ್ಲ ಹಾರ್ತದಂತೆ. ನಾನು ಫೋಟೊ ತೆಗೀತೇನೆ. ದೊಡ್ಡದು ಮಾಡಿಸಿ ಇಲ್ಲಿ ಹಾಕುವ.” ಅವನ ಬೆರಳು ಮಾವನ ಮೂಗಿನ ನೇರಕ್ಕೆ ಹೋಗಿ ನಿಂತಿತು.

“ಅಲ್ಲಿ ಅಪ್ಪ ಇದ್ದಾರಲ್ಲ?”

“ದೇಶ ದೊಡ್ಡದಾ, ನಿನ್ನ ಅಪ್ಪ ದೊಡ್ಡವರಾ? ದೇಶದ ವಿಮಾನ ಒಂದು ಸಲ ಗೋಡೆ ಹತ್ತಿತು ಅಂದ್ರೆ ಇಳಿಸುವ ಅಧಿಕಾರ ಯಾರಿಗೂ ಇಲ್ಲ!”

ಅಮ್ಮಣ್ಣಿ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು. “ಆಯ್ತು. ಆ ಕ್ಯಾಮೆರಾದಲ್ಲಿ ಒಂದೇ ಒಂದು ವಿಮಾನ ಸರಿಯಾಗಿ ಬರ್ಲಿ, ಅಪ್ಪನನ್ನು ನಾನೇ ಇಳಿಸ್ತೇನೆ. ಬರದಿದ್ರೆ ಇನ್ನು ಅಪ್ಪನ ಸುದ್ದಿಗೆ ಹೋಗ್ಲಿಕ್ಕಿಲ್ಲ. ಮತ್ತೆ, ನಾನೂ ಬರ್ತೇನೆ. ಕ್ಯಾಮೆರಾ ನನ್ನದು.”

ರಮಾನಾಥ ಅಂದೇ ಶಸ್ತ್ರಾಭ್ಯಾಸಕ್ಕೆ ಇಳಿದ. ಸ್ಟುಡಿಯೋ ಕಮಲಾಕ್ಷ ಗುರುವಾದ. “ಜೆಟ್ಟಿಗೆ ಶಟರ್ ಫಾಸ್ಟ್ ಇಡಿ ರಮಾನಾಥಣ್ಣ. ಪಂಖದ್ದಕ್ಕೆ ನಿಧಾನ ಇಡ್ಬೇಕು. ಇಲ್ಲದಿದ್ರೆ ಕರೆಂಟು ಹೋದ ಫ್ಯಾನಿನ ಹಾಗೆ ಪಂಖ ನಿಂತೇ ಕಾಣ್ತದೆ. ವಿಮಾನ ಹೋದ ಕಡೆಗೆ ನಿಮ್ಮ ಸೊಂಟವೂ ತಿರುಗ್ಬೇಕು.”

ಸೊಂಟ ತಿರುಗಿಸಲು ನಮ್ಮೂರಲ್ಲಿ ವಿಮಾನಕ್ಕೆ ಎಲ್ಲಿಗೆ ಹೋಗುವುದು? ರಮಾನಾಥ ಗುರುವಾಯನಕೆರೆಯ ಜಂಕ್ಷನಿಗೆ ಹೋಗಿ ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಗುರಿಯಿಟ್ಟ. ಅವುಗಳಿಗಿಂತ ವೇಗವಾಗಿ ಓಡುವ ಯಂತ್ರವನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲ ಎಂಬುದು ಅವನ ನಂಬಿಕೆ. ಆದರೆ ಅಡ್ಡ ಕೈ ಹಿಡಿದರೂ ನಿಲ್ಲದ ಬಸ್ಸು ಕ್ಯಾಮೆರಾ ಕಂಡು ಗಕ್ಕನೆ ನಿಂತಿತು. ಕಂಡಕ್ಟರು ಇಳಿದು ಬಂದು, “ಪೇಪರಿಗಾ ಸರ್? ನಾವು ಸ್ಪೀಡು ಇರ್ಲಿಲ್ಲ ಸರ್,” ಎಂದು ಕೈಮುಗಿದ. ಹಿಂದಿನ ಬಸ್ಸು ನಿಂತಿತು, ಅದರ ಹಿಂದಿನದೂ ನಿಂತಿತು. ಓಡುವ ವಸ್ತುವಿನ ಅಭ್ಯಾಸ ಅಲ್ಲಿಗೆ ಮುಗಿಯಿತು.

ಆದರೂ ಆತ್ಮವಿಶ್ವಾಸಕ್ಕೆ ಕೊರತೆ ಬರಲಿಲ್ಲ. ಹೊರಡುವ ಮುಂಚೆ ಕಮಲಾಕ್ಷನಿಗೆ ಅಪ್ಪಣೆ ಕೊಟ್ಟ: “ಬಂದ ಕೂಡ್ಲೆ ರೋಲು ಕೊಡ್ತೇನೆ. ವಿಮಾನ ಚಂದ ಬಂದದ್ದನ್ನು ನನ್ನನ್ನು ಕೇಳ್ಬೇಡ, ದೊಡ್ಡದು ಮಾಡಿ ಚೌಕಟ್ಟು ಹಾಕು. ಪೇಪರಿನಲ್ಲಿ ಹಾಕ್ತಾರಲ್ಲ, ಹಾಗೆ ಕೆಳಗೆ ‘ಚಿತ್ರ: ರಮಾನಾಥ’ ಅಂತ ಚಿನ್ನದ ಅಕ್ಷರದಲ್ಲಿ ಬರೆಸು.”

ಯಲಹಂಕದಲ್ಲಿ ಬಿಸಿಲು, ಧೂಳು, ಜನ. ಅಮ್ಮಣ್ಣಿ ಕೊಡೆ ಬಿಡಿಸಿ, ಚಕ್ಕುಲಿ ಡಬ್ಬಿ ತೆರೆದು ಕುಳಿತಳು. ರಮಾನಾಥ ಕಾಲಗಲಿಸಿ ನಿಂತ. ಆಕಾಶದ ಎಡಮೂಲೆಯಿಂದ ಭಯಂಕರ ಸದ್ದು ಬಂತು. ಅವನು ಎಡಕ್ಕೆ ತಿರುಗಿ ಪಟಪಟನೆ ಒತ್ತಿದ. ವಿಮಾನ ಆಗಲೇ ಬಲಮೂಲೆ ದಾಟಿ ಹೋಗಿತ್ತು.

“ಅದು ಆಚೆ ಹೋಯ್ತು ಮಾರಾಯ್ರೆ!” ಎಂದಳು ಅಮ್ಮಣ್ಣಿ.

“ಸದ್ದು ಈಚೆ ಉಂಟಲ್ಲ?”

“ಸದ್ದಿನ ಫೋಟೊ ತೆಗೀಲಿಕ್ಕೆ ಬಂದದ್ದಾ ನೀವು?”

ಮುಂದಿನ ಜೆಟ್ಟಿಗೆ ಅವನು ಬಲಕ್ಕೆ ಕಾದ. ಅದು ನೆತ್ತಿಯ ಮೇಲೆ ನೆಟ್ಟಗೆ ಏರಿ ಮೋಡ ಸೇರಿತು. ಗುರುವಾಕ್ಯ ನೆನೆದು ಸೊಂಟ ತಿರುಗಿಸಿದರೆ ಲೆನ್ಸು ಪಕ್ಕದ ಸರ್ದಾರ್ಜಿಯ ಪೇಟಕ್ಕೆ ಬಡಿಯಿತು. ಅಜ್ಜಂದಿರ ಕಾಲದ ಪಂಖದ ವಿಮಾನ ನಮ್ಮೂರಿನವರ ನಡಿಗೆಯಲ್ಲಿ ನಿಧಾನವಾಗಿ ಹಾರಿ ಬಂದಾಗ ಅವನು ಅದರ ಅಂದಕ್ಕೆ ಮರುಳಾಗಿ ನೋಡುತ್ತಲೇ ನಿಂತುಬಿಟ್ಟ. ಒತ್ತಬೇಕೆಂಬುದು ನೆನಪಾದಾಗ ಅದು ನೆಲಕ್ಕಿಳಿದಿತ್ತು.

ಕೊನೆಗೆ ರೋಲಿನಲ್ಲಿ ಇನ್ನೊಂದೇ ಫೋಟೊಗೆ ಜಾಗ ಉಳಿಯಿತು. ರಮಾನಾಥನ ಮನಸ್ಸು ಮುರಿದಿತ್ತು. ಎದುರಿಗೆ ಅದೇ ಪಂಖದ ವಿಮಾನ ನಿಂತಿತ್ತು. ನಿಂತದ್ದು ಓಡುವುದಿಲ್ಲವಲ್ಲ ಎಂಬ ಧೈರ್ಯದಿಂದ ಕ್ಯಾಮೆರಾವನ್ನು ಹೆಂಡತಿಯ ಕೈಗಿಟ್ಟ. “ನಾನು ಇದರ ಮುಂದೆ ನಿಲ್ತೇನೆ. ‘ರೆಡಿ’ ಅಂದ ಮೇಲೆ ಒತ್ತು. ಅದಕ್ಕೆ ಮೊದಲು ಎಂತದೂ ಮಾಡ್ಬೇಡ.”

ಅವನು ಹೊಟ್ಟೆ ಒಳಗೆಳೆದು, ಎದೆ ಮುಂದೆ ಮಾಡಿ, “ರೆ—” ಎಂದ. ಬೆನ್ನ ಹಿಂದಿನಿಂದ ಆಕಾಶವೇ ಹರಿದಂತೆ ಸದ್ದಾಯಿತು. ಮುಂದಿನದು ಅವನಿಗೆ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಎರಡೂ ಕಿವಿ ಮುಚ್ಚಿಕೊಂಡಿದ್ದ.

“ಒತ್ತಿದೆ,” ಎಂದಳು ಅಮ್ಮಣ್ಣಿ, ಚಕ್ಕುಲಿ ಕಡಿಯುತ್ತ.

ಊರಿಗೆ ಬಂದ ಕೂಡಲೇ ರೋಲು ಕೊಟ್ಟು, ಮೂರು ದಿನಕ್ಕೆ ಅವನು ಸ್ಟುಡಿಯೋಗೆ ಓಡಿದ. ಕಮಲಾಕ್ಷ ಬಹಳ ಮರ್ಯಾದೆಯಿಂದ ಫೋಟೊಗಳನ್ನು ಹರಡಿದ. ಎಲ್ಲವೂ ನೀಲಿ. “ಆಕಾಶ ಲಾಯ್ಕ ಬಂದಿದೆ ರಮಾನಾಥಣ್ಣ. ಇದರಲ್ಲಿ ಒಂದು ಕಾಗೆಯೂ ಉಂಟು.”

“ಅದು ಜೆಟ್ಟಿನ ಬಾಲ!”

“ಆಗ್ಲಿ. ಆದ್ರೆ ಕೊನೆಯದ್ದು ಉಂಟಲ್ಲ, ಅದು ಫಸ್ಟ್ ಕ್ಲಾಸ್! ನೀವು ಹೇಳಿದ ಹಾಗೆ ದೊಡ್ಡದು ಮಾಡಿ ಚೌಕಟ್ಟು ಹಾಕಿದ್ದೇನೆ. ಬೆಳಿಗ್ಗೆಯೇ ಅಮ್ಮಣ್ಣಿಯಕ್ಕ ಬಂದು ತಗೊಂಡು ಹೋದ್ರು.”

ರಮಾನಾಥ ಏದುಸಿರು ಬಿಡುತ್ತ ಮನೆಗೆ ಬಂದರೆ ಮೊಳೆಯಲ್ಲಿ ಮಾವ ಇರಲಿಲ್ಲ. ಅಮ್ಮಣ್ಣಿ ಮಾತು ಉಳಿಸಿಕೊಂಡಿದ್ದಳು. ಅಲ್ಲಿ ವಾಯುಪಡೆಯ ಸೂರ್ಯಕಿರಣ ತಂಡದ ಒಂಬತ್ತು ಕೆಂಪು ವಿಮಾನಗಳು ಬಾಣದ ಮೊನೆಯಂತೆ ಸಾಲುಗಟ್ಟಿ, ಒಂದೊಂದು ರೆಕ್ಕೆಯೂ ಸ್ಪಷ್ಟವಾಗಿ, ಹೊಗೆಯ ಗೆರೆ ಎಳೆಯುತ್ತ ಹಾರುತ್ತಿದ್ದವು. ಕೆಳಗೆ ನೆಲದ ಮೇಲೆ ಅಜ್ಜಂದಿರ ಕಾಲದ ವಿಮಾನ ಗಂಭೀರವಾಗಿ ನಿಂತಿತ್ತು. ಅದರ ಬುಡದಲ್ಲಿ ಕಣ್ಣು ಮುಚ್ಚಿ, ಬಾಯಿ ತೆರೆದು, ಕಿವಿ ಹಿಡಿದುಕೊಂಡು, ಮಾಸ್ತರರ ಕ್ಲಾಸಿನಲ್ಲಿ ಶಿಕ್ಷೆಗೆ ಕೂತ ಹುಡುಗನಂತೆ ಒಬ್ಬ ಗೃಹಸ್ಥ ಕುಕ್ಕರಿಸಿದ್ದ.

“ಅಮ್ಮಣ್ಣೀ, ಇದನ್ನು ಇಳಿಸುವ. ಅಪ್ಪನನ್ನೇ ಹಾಕುವ. ಅಪ್ಪ ಎಷ್ಟು ಒಳ್ಳೆಯವರು!”

“ದೇಶದ ವಿಮಾನ ಮಾರಾಯ್ರೆ. ಗೋಡೆ ಹತ್ತಿದ ಮೇಲೆ ಇಳಿಸುವ ಅಧಿಕಾರ ಯಾರಿಗೆ ಉಂಟು?” ಎಂದಳು ಅವಳು. “ಅಪ್ಪನಿಗೂ ಬೇಜಾರಿಲ್ಲ. ಊಟದ ಮೇಜಿನ ಎದುರು ಹೊಸ ಮೊಳೆ ಹೊಡೆಸಿದ್ದೇನೆ. ಅಲ್ಲಿಂದ ಬನ್ಸಿನ ತಟ್ಟೆ ಸರಿಯಾಗಿ ಕಾಣ್ತದೆ.”

ಅಂದಿನಿಂದ ಚಾವಡಿಗೆ ಬಂದವರೆಲ್ಲ ಮೊದಲು ವಿಮಾನಗಳನ್ನು ನೋಡಿ ಬಾಯಿ ಬಿಡುತ್ತಾರೆ. ಆಮೇಲೆ ಕಣ್ಣು ಕೆಳಗಿಳಿಯುತ್ತದೆ. ಬೆರಳು ತೋರಿಸಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಉಂದು ಏರ್?” (ಅಂದರೆ, ‘ಇದು ಯಾರು?’)

ಅಮ್ಮಣ್ಣಿ ಚೌಕಟ್ಟಿನ ಕೆಳಗಿನ ಚಿನ್ನದ ಅಕ್ಷರಗಳನ್ನು ಸೆರಗಿನ ತುದಿಯಿಂದ ಒರೆಸಿ ತೋರಿಸುತ್ತಾಳೆ: ‘ಚಿತ್ರ: ರಮಾನಾಥ’.